ಅರಿವಿ ಆಯಿಗಾಗಿ ಗಾಡಿ ತಗ್ಗಿಸಿದ್ದು

ಗಾಡಿ ಎತ್ತರ ಮಾಡಿಕೊಡು ಎಂದು ಬಂದವರನ್ನು ಸಾಕಷ್ಟು ನೋಡಿದ್ದೇನೆ. ಕಬ್ಬು ಹೇರುವವರು, ಇಟ್ಟಂಗಿ ಹೇರುವವರು, ಎಲ್ಲರದೂ ಒಂದೇ ಹಾಡು: ಇನ್ನೊಂದು ಪಾಟಾ ಏರಿಸು ಮಿಸ್ತ್ರಿ. ಕಮಾನಿನಂತೆ ಬಾಗಿಸಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿಗೆ ನಾವು ಪಾಟಾ ಅನ್ನುತ್ತೇವೆ. ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ತಗ್ಗಿಸಿಕೊಡು ಎಂದು ಬಂದವರು ಮಾತ್ರ ನನ್ನ ಆಯುಷ್ಯದಲ್ಲಿ ಒಬ್ಬರೇ. ಅದೂ ಅರವತ್ತು ದಾಟಿದ ಹೆಂಗಸು. ಅದೂ ಮಿಲಿಟರಿಯವರು ಹರಾಜು ಹಾಕಿದ ಫೋರ್ ವ್ಹೀಲ್ ಪಿಕಪ್ಪು.

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ಅಕ್ಕಲಕೋಟ ನಾಕಾದ ಆಚೆ ನನ್ನ ತಗಡಿನ ಶೆಡ್ಡು. ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜು ಬಿಟ್ಟು ಸ್ವಂತಕ್ಕೆ ಕುಳಿತು ಇನ್ನೂ ವರ್ಷ ತುಂಬಿರಲಿಲ್ಲ. ಮಳೆಗಾಲ ಮುಗಿಯುತ್ತಿದ್ದ ಒಂದು ಮುಂಜಾನೆ ಮುಂದೊಂದು ಟಾಂಗಾ, ಹಿಂದೊಂದು ಪಿಕಪ್ಪು ಬಂದು ನಿಂತವು. ಪಿಕಪ್ಪಿನಿಂದ ನವಿ ಪೇಠದ ಅರಿವೆ ಅಂಗಡಿಯ ಸಾವಕಾರರು ಇಳಿದರು. ಟಾಂಗಾದಿಂದ ಅವರ ತಾಯಿ ಇಳಿದರು. ಮನೆಯ ಗಾಡಿ ಇದ್ದೂ ತಾಯಿ ಟಾಂಗಾದಲ್ಲಿ ಯಾಕೆ ಬಂದರು ಎಂದು ನಾನು ಕೇಳುವ ಮೊದಲೇ ಆಕೆ ಕೈಯ ಕೋಲಿನಿಂದ ಪಿಕಪ್ಪಿನ ಬಾಗಿಲ ಕೆಳಗಿನ ಕಬ್ಬಿಣದ ಮೆಟ್ಟಿಲಿಗೆ ಠಣ್ಣನೆ ಬಡಿದರು.

"ಇದರ ಎತ್ತರ ನೋಡು ತಮ್ಮಾ. ಇದನ್ನ ಹತ್ತಾಕ ನಾ ಏನ್ ಕೋತಿ ಏನು?"

ಹಳ್ಳಿಗಳಲ್ಲಿ ಅವರನ್ನು ಅರಿವಿ ಆಯಿ, ಅಂದರೆ ಬಟ್ಟೆಯ ತಾಯಿ, ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಎತ್ತಿನ ಬಂಡಿಯಲ್ಲಿ ಸೀರೆ, ಖಣ, ಧೋತರದ ಗಂಟು ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗಿ ಆ ಅಂಗಡಿಯನ್ನು ಎಬ್ಬಿಸಿ ನಿಲ್ಲಿಸಿದವರು. ಹನ್ನೂರಿನ ಕುರಿ ಕಾಯುವ ಮನೆಗಳ ಹೆಂಗಸರು ಮಗಳ ಮದುವೆಯ ಸೀರೆಯನ್ನು ಆಯಿಯ ಕೈಯಿಂದಲ್ಲದೆ ಬೇರೆಯವರಿಂದ ಕೊಳ್ಳುತ್ತಿರಲಿಲ್ಲ. ಎತ್ತುಗಳು ಮುದಿಯಾದವು, ಬಂಡಿ ಹೋಯಿತು. ಮಳೆ ಬಿದ್ದರೆ ಆ ಕಪ್ಪು ಎರಿ ಮಣ್ಣಿನ ದಾರಿಯಲ್ಲಿ ಸಾಮಾನ್ಯ ಗಾಡಿ ಹೂತುಹೋಗುತ್ತದೆಂದು ಮಗ ನಾಲ್ಕೂ ಗಾಲಿ ಎಳೆಯುವ ಈ ಪಿಕಪ್ಪು ತಂದರು. ತಂದದ್ದು ಸರಿಯೇ, ಆದರೆ ಆಯಿಯ ಬಲಗಾಲಿನ ಮಂಡಿ ಹೋಗಿತ್ತು.

ಆಚೀಚೆ ಉಪಾಯ ಮಾಡದೇ ಇರಲಿಲ್ಲ. ಮೆಟ್ಟಿಲಿನ ಕೆಳಗೆ ಇನ್ನೊಂದು ಮೆಟ್ಟಿಲು ಬೆಸೆಸಿದ್ದರು. ಮೊದಲ ಸಂತೆಯ ದಿನವೇ ಹಳ್ಳದ ಕಲ್ಲು ಬಡಿದು ಅದು ಕಿತ್ತುಹೋಯಿತು. ಕಟ್ಟಿಗೆಯ ಮಣೆ ಒಯ್ದರು. ಮರವಡೆಯ ಸಂತೆಯಲ್ಲಿ ಒದ್ದೆ ಎರಿಯಲ್ಲಿ ಮಣೆ ವಾಲಿತು, ಆಯಿ ಜೋಲಿ ಹೊಡೆದರು. ಇಬ್ಬರು ಗಂಡಸರು ಓಡಿಬಂದು ಆಚೆ ಈಚೆ ರಟ್ಟೆ ಹಿಡಿದು ಎತ್ತಿ ಸೀಟಿನ ಮೇಲೆ ಇಟ್ಟರು. ಸಂತೆಯೆಲ್ಲ ನಕ್ಕಿತು. ಅಂದಿನಿಂದ ಆಯಿ ಮನೆ ಬಿಟ್ಟು ಹೊರಬಿದ್ದಿರಲಿಲ್ಲ.

"ನಾ ಹೆಂಗಸರ ಮುಂದ ಕುಂತು, ಈ ಸೀರಿ ನಿನಗ ಒಪ್ಪತದ, ಇದು ಒಪ್ಪೂದಿಲ್ಲ ಅಂತ ಹೇಳಾಕಿ," ಎಂದರು. "ನನ್ನನ್ನs ಗಂಟು ಎತ್ತಿದಂಗ ಎತ್ತಿ ಇಟ್ರ, ಯಾವಾಕಿ ನನ್ನ ಮಾತು ಕೇಳ್ಯಾಳು?"

ಸಾವಕಾರರು ಕೆಟ್ಟವರಲ್ಲ, ತಾಯಿಯ ಕಾಲು ಮುರಿದೀತೆಂದು ಅವರಿಗೆ ಹೆದರಿಕೆ. ನನ್ನನ್ನು ಬದಿಗೆ ಕರೆದು ಹೇಳಿದರು: "ಮಿಸ್ತ್ರಿ, ಕರಾರು ಆಗ್ಯದ. ದೀಪಾವಳಿ ಮುಂದಿನ ಹನ್ನೂರ ಸಂತಿ ದಿನಾ ಯಾರ ಕೈ ಹಿಡೀದ ತಾನs ಹತ್ತಿದ್ರ ಹೋಗ್ಲಿ, ಮುಂದನೂ ಹೋಗ್ಲಿ. ಇಲ್ಲಂದ್ರ ಗುಮಾಸ್ತ ಹೋಗ್ತಾನ, ಆಯಿ ಮನ್ಯಾಗ ಇರ್ತಾಳ. ಕಾಯಮ್." ಸಂತೆಗೆ ಹದಿನೆಂಟು ದಿನ ಉಳಿದಿತ್ತು.

ನನ್ನ ಬಾಯಿ ಯಾವತ್ತೂ ಕೈಗಿಂತ ಮುಂದೆ. "ಮಾಡ್ತೀನ್ರಿ ಆಯಿ" ಎಂದುಬಿಟ್ಟೆ. ಹೇಗೆ ಎಂಬುದು ಗೊತ್ತಿದ್ದರೆ ಆಣೆ.

ಎಷ್ಟು ಎತ್ತರಕ್ಕೆ ಕಾಲು ಏಳುತ್ತದೆ ಎಂದು ಕೇಳಿದೆ. ಆಯಿ ಮನೆಯಲ್ಲೇ ಬಾಗಿಲು ಹಾಕಿಕೊಂಡು, ಬಾಗಿಲ ಚೌಕಟ್ಟಿಗೆ ಕಾಲು ಎತ್ತಿ ಗೆರೆ ಎಳೆದು, ತಮ್ಮ ಹಳೆಯ ಕಬ್ಬಿಣದ ಗಜದಿಂದ ಅಳೆದು ಬಂದಿದ್ದರು. ಅಂಗಡಿಗೆ ಮೀಟರು ಬಂದು ವರ್ಷಗಳಾಗಿದ್ದರೂ ಅವರ ಕೈ ಗಜ ಬಿಟ್ಟಿರಲಿಲ್ಲ. "ಏಳು ಗಿರ," ಎಂದರು. ಗಜಕ್ಕೆ ಹದಿನಾರು ಗಿರ. ಏಳು ಗಿರ ಅಂದರೆ ಹದಿನೈದು ಮುಕ್ಕಾಲು ಇಂಚು. ಗಾಡಿಯ ಮೆಟ್ಟಿಲು ನೆಲದಿಂದ ಇಪ್ಪತ್ತೊಂದು ಇಂಚು. ಒಮ್ಮೆ ಮೆಟ್ಟಿಲಿಗೆ ಕಾಲು ಇಟ್ಟರೆ ಮುಂದಿನದು ಕಷ್ಟವಿಲ್ಲ, ಬಾಗಿಲ ಹಿಡಿಕೆ ಹಿಡಿದು ಸೀಟಿಗೆ ಕುಂಡಿ ಊರಿ ತಿರುಗಿದರಾಯಿತು. ಹಾಗಾದರೆ ಐದೂಕಾಲು ಇಂಚು ಇಳಿಸಬೇಕು. ಸೀಮೆಸುಣ್ಣದಿಂದ ಶೆಡ್ಡಿನ ತಗಡಿನ ಮೇಲೆ ದೊಡ್ಡದಾಗಿ ಬರೆದುಕೊಂಡೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದೊಂದು ಗಾಲಿಯ ಮೇಲೂ ಎಂಟೆಂಟು ಪಾಟಾ. ಅದರಲ್ಲಿ ಎರಡೆರಡು ತೆಗೆದೆ. ಉಳಿದವನ್ನು ಕಮ್ಮಾರರ ಅಡಿಗಲ್ಲಾದ ಐರಣಿಯ ಮೇಲಿಟ್ಟು ಕಮಾನು ಇಳಿಯುವಂತೆ ಬಡಿದೆ. ತಣ್ಣಗೇ ಬಡಿಯಬೇಕು, ಬೆಂಕಿಗೆ ಹಿಡಿದರೆ ಉಕ್ಕಿನ ಬಿಗಿ ಸತ್ತುಹೋಗುತ್ತದೆ. ನಾಲ್ಕು ದಿನ ಬಡಿದು ರಟ್ಟೆ ಬಾತುಕೊಂಡವು. ಗಾಡಿ ಮೂರೂವರೆ ಇಂಚು ಇಳಿಯಿತು. ಉಳಿದದ್ದು ಹೇಗೋ ಆಗುತ್ತದೆ ಎಂದು ಮೀಸೆ ತಿರುವಿಕೊಂಡು ಸಾವಕಾರರನ್ನು ಕರೆಸಿದೆ. ಅರಿವೆಯ ಗಂಟುಗಳನ್ನು ಹೇರಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕಲಕೋಟದ ದಾರಿ ಹಿಡಿದೆ. ಮೈಲು ಹೋಗಿಲ್ಲ, ಮೋರಿಯ ಗುಂಡಿಯಲ್ಲಿ ಧಡ್ ಎಂದಿತು. ಚಾಸಿಯೇ ಬಂದು ಗಾಲಿಗಳ ಅಚ್ಚಿಗೆ, ಆಕ್ಸಲಿಗೆ, ಬಡಿದಿತ್ತು. ಇನ್ನೊಂದು ಗುಂಡಿ, ಇನ್ನೊಂದು ಧಡ್, ಆಮೇಲೆ ಕಟಕ್ ಎಂಬ ಸದ್ದು. ಹಿಂದಿನ ಎಡಗಡೆಯ ದೊಡ್ಡ ಪಾಟಾವೇ ಎರಡು ತುಂಡು.

ಸಾವಕಾರರು ಬೈಯಲಿಲ್ಲ. "ಹೋಗ್ಲಿ ಬಿಡು ಮಿಸ್ತ್ರಿ, ನೀನರ ಏನ್ ಮಾಡ್ತಿ," ಎಂದು ನಡೆದುಕೊಂಡೇ ಊರ ಕಡೆ ಹೊರಟರು. ಬೈದಿದ್ದರೇ ಚಲೋ ಇತ್ತು.

ಮೋರೆ ಸಣ್ಣ ಮಾಡಿಕೊಂಡು ಉಸ್ತಾದರ ಹತ್ತಿರ ಹೋದೆ. ಅವರು ಬೀಡಿ ಆರಿಸದೆಯೇ ಹೇಳಿದರು: "ಅರೆ ಬೇಟಾ, ಫೋರ್ ವ್ಹೀಲ್ ಗಾಡಿ ಯಾರರ ತಗ್ಗಸ್ತಾರೇನು? ಮುಂದಿನ ಆಕ್ಸಲದಾಗೂ ಗೇರು ಅದಾವ. ತಗ್ಗಿಸಿದಿ ಅಂದ್ರ ಅದು ಹೋಗಿ ಇಂಜನ್ನಿನ ಚೇಂಬರಿಗೆ ಗುದ್ದತದ. ಗುದ್ದದಿದ್ರೂ ಎರಿ ಮಣ್ಣಾಗ ಎಮ್ಮಿ ಕುಂತಂಗ ಕುಂಡ್ರತದ. ನಕ್ಕೋ, ಬ್ಯಾಡ. ವಾಪಸ್ ಕೊಟ್ಟುಬಿಡು."

ಆರು ದಿನ ಹೋಗಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಗಾಡಿಯ ಕೆಳಗೆ ಅಂಗಾತ ಬಿದ್ದುಕೊಂಡು ಸಿಟ್ಟಿನಿಂದ ಮೇಲೆ ನೋಡುತ್ತಿದ್ದೆ. ಉಸ್ತಾದರ ಎಮ್ಮೆಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಎಮ್ಮೆ ಯಾಕೆ ಕೂರುತ್ತದೆ? ಗಾಡಿಯಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಯಾವುದು? ಆಕ್ಸಲಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಗೇರಿನ ಹೌಸಿಂಗು. ಅದರ ಎತ್ತರ ಟಾಯರಿನ ಮೇಲೆ ನಿಂತಿದೆ, ಪಾಟಾದ ಮೇಲೆ ಅಲ್ಲ! ನಾನು ಮೇಲಿನ ಗಾಡಿಯನ್ನು ಎಷ್ಟು ಇಳಿಸಿದರೂ ಹೌಸಿಂಗು ಇದ್ದಲ್ಲೇ ಇರುತ್ತದೆ, ಮಣ್ಣಿನಲ್ಲಿ ಮೊದಲಿನಂತೆಯೇ ಹೋಗುತ್ತದೆ. ಉಸ್ತಾದರೂ ತಪ್ಪುತ್ತಾರೆ ಎಂದು ಅವತ್ತು ಗೊತ್ತಾಯಿತು.

ಎರಡನೆಯದು ಅದರ ಬೆನ್ನಿಗೇ ಹೊಳೆಯಿತು. ಪಾಟಾಗಳು ಆಕ್ಸಲಿನ ಮೇಲೆ ಕೂತಿದ್ದವು. ಅದನ್ನೇ ಕೆಳಗೆ ತಂದು ಆಕ್ಸಲಿಗೆ ಜೋತುಬಿಟ್ಟು ಕಟ್ಟಿದರೆ? ತಲೆಯ ಮೇಲಿನ ಕೊಡವನ್ನು ಸೊಂಟಕ್ಕೆ ಇಳಿಸಿಕೊಂಡಂತೆ. ಆಕ್ಸಲಿನ ದಪ್ಪ, ಪಾಟಾದ ಕಟ್ಟಿನ ದಪ್ಪ ಎರಡೂ ಸೇರಿ ಗಾಡಿ ಇಳಿಯುತ್ತದೆ, ಪಾಟಾದ ಬಲ ಮಾತ್ರ ಹಾಗೇ ಉಳಿಯುತ್ತದೆ. ಮಲಗಿದಲ್ಲೇ ಟೇಪು ಹಿಡಿದೆ. ಸರಿಯಾಗಿ ಐದೂಕಾಲು. "ಆತು!" ಎಂದು ಎದ್ದವನು ಚಾಸಿಗೆ ಹಣೆ ಚಚ್ಚಿಕೊಂಡೆ. ಹಣೆಯ ಮೇಲೆ ಎದ್ದ ಆ ಬೋರೆ ಹನ್ನೂರಿಗೆ ಹೋಗುವವರೆಗೂ ಇತ್ತು.

ಸಾವಕಾರರ ಮನೆಗೆ ಹೋಗಿ ಹೇಳಿದೆ. ಅವರು ತಾಯಿಯ ಮುಖ ನೋಡಿದರು. ಆಯಿ, "ಮಾಡು. ಕೆಟ್ರ ಗಾಡಿ ಕೆಡತದ, ನಾ ಏನ್ ಕೆಡೂದಿಲ್ಲ," ಎಂದರು.

ಅಲ್ಲಿಂದ ಹನ್ನೊಂದು ದಿನ ಶೆಡ್ಡಿಗೆ ಬೇರೆ ಗಾಡಿ ಸೇರಿಸಲಿಲ್ಲ. ಹಳೆ ಸಾಮಾನಿನ ಜುನಾ ಬಜಾರಿನಲ್ಲಿ ಹುಡುಕಿ ಮುರಿದದ್ದಕ್ಕೆ ಬದಲಿ ಪಾಟಾ ತಂದೆ. ನಾನೇ ಬಡಿದು ಹಾಳುಮಾಡಿದ ಉಳಿದ ಪಾಟಾಗಳನ್ನು ಮತ್ತೆ ಕಮಾನಿಗೆ ತಂದು, ತೆಗೆದಿಟ್ಟ ಎರಡೆರಡನ್ನೂ ಸೇರಿಸಿದೆ. ಆಗ ನನ್ನನ್ನೇ ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದಿಲ್ಲ. ಆಕ್ಸಲಿನ ಹೊಟ್ಟೆಗೆ ಪಾಟಾ ಕೂರುವ ಹೊಸ ಗದ್ದುಗೆ ಬೆಸೆಯಬೇಕು. ಹಿಂದೆ ಸಲೀಸಾಯಿತು. ಮುಂದೆ ಒಂದು ಕಡೆ ಹೌಸಿಂಗಿನ ಬೀಡು ಕಬ್ಬಿಣ ಅಡ್ಡ ಬಂತು. ಬೀಡಿಗೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದರೂ ಸೀಳುತ್ತದೆ. ಅಲ್ಲಿಗೆ ಹೌಸಿಂಗನ್ನು ತಬ್ಬಿ ಹಿಡಿಯುವ ದಪ್ಪ ತಗಡಿನ ಕಚ್ಚು ಮಾಡಿಸಿ, ಮೇಲಿನಿಂದ ಕೆಳಗಿನಿಂದ ಬೋಲ್ಟು ಬಿಗಿದೆ. ಪಾಟಾವನ್ನು ಆಕ್ಸಲಿಗೆ ಕಟ್ಟುವ ಯು-ಬೋಲ್ಟುಗಳ ನಟ್ಟನ್ನು ಮೇಲ್ಮುಖವಾಗಿ ಹಾಕಿದೆ, ಕೆಳಗಿದ್ದರೆ ಕಲ್ಲಿಗೆ ಸವೆದುಹೋಗುತ್ತವೆ. ಸ್ಟೇರಿಂಗಿನ ಉದ್ದ ರಾಡು ಡೊಂಕಾಗಿ ನಿಂತು, ಗುಂಡಿಗೆ ಬಿದ್ದಾಗಲೆಲ್ಲ ಗಾಡಿ ಎಡಕ್ಕೆ ಎಳೆಯತೊಡಗಿತು. ಹಳೆಯ ಟ್ರಕ್ಕಿನ ಸ್ಟೇರಿಂಗಿನ ಮೋಟು ಕೈ ಒಂದನ್ನು ತಂದು ಹಾಕಿ ರಾಡನ್ನು ಮಟ್ಟಕ್ಕೆ ತಂದೆ. ಅದಕ್ಕೇ ಎರಡು ದಿನ ಹೋದವು.

ಉಳಿದದ್ದು ಉಸ್ತಾದರ ಮೊದಲ ಮಾತು. ಮುಂದಿನ ಹೌಸಿಂಗಿಗೂ ಇಂಜಿನ್ನಿನ ಎಣ್ಣೆ ತುಂಬಿದ ಚೇಂಬರಿಗೂ ನಡುವೆ ಈಗ ಎರಡೇ ಇಂಚು. ಗುಂಡಿಯಲ್ಲಿ ಅದು ಎಷ್ಟಾಗುತ್ತದೆ ಎಂದು ಓಡುವ ಗಾಡಿಯ ಕೆಳಗೆ ಇಣುಕಿ ನೋಡಲಾಗುತ್ತದೆಯೆ? ಮನೆಗೆ ಹೋಗಿ ಹೆಂಡತಿಯ ಹತ್ತಿರ ಗಟ್ಟಿ ಕಲಸಿದ ಗೋಧಿ ಕಣಕ ಕೇಳಿದೆ.

"ಏನ್ರೀ, ಗಾಡಿಗೂ ಹೋಳಿಗಿ ಮಾಡಿ ತಿನಸವ್ರೇನು?" ಎಂದಳು. ಆದರೂ ಕೊಟ್ಟಳು.

ಕಣಕದ ಮೂರು ಉಂಡೆಗಳನ್ನು ಹೌಸಿಂಗಿನ ನೆತ್ತಿಗೆ ಮೆತ್ತಿ, ಭಾರ ಹೇರಿ, ಅದೇ ಮೋರಿಯ ಗುಂಡಿಗಳಲ್ಲಿ ಬೇಕೆಂದೇ ಹಾರಿಸಿದೆ. ಬಂದು ನೋಡಿದರೆ ಒಂದು ಉಂಡೆ ಹಪ್ಪಳವಾಗಿತ್ತು. ಚೇಂಬರಿನ ಬೋಲ್ಟಿನ ತಲೆ ಅದರ ಮೇಲೆ ಅಚ್ಚೊತ್ತಿತ್ತು. ಅಂದರೆ ಬಡಿಯುತ್ತಿದೆ. ಟ್ರಕ್ಕಿನ ಹಳೆಯ ಟಾಯರು ಕೊಯ್ದು, ಮೂರು ಪದರ ಸೇರಿಸಿ ಚಾಸಿಯ ಕೆಳಗೆ ದಪ್ಪ ರಬ್ಬರಿನ ತಡೆ ಕಟ್ಟಿದೆ. ಮತ್ತೆ ಕಣಕ, ಮತ್ತೆ ಮೋರಿ. ಈ ಸಲ ಉಂಡೆಯಲ್ಲಿ ಅರ್ಧ ಬೆರಳಿನಷ್ಟು ದಪ್ಪ ಉಳಿದಿತ್ತು. ಆ ಕಣಕವನ್ನು ಕೈಯಲ್ಲಿ ಹಿಡಿದು ರಸ್ತೆಯಲ್ಲೇ ಕುಣಿದೆ.

ಸುದ್ದಿ ಕೇಳಿ ಉಸ್ತಾದರು ಬಂದರು. ನೇರವಾಗಿ ಗಾಡಿಯ ಕೆಳಗೆ ತೂರಿ ಬಹಳ ಹೊತ್ತು ಹೊರಬರಲಿಲ್ಲ. ಬಂದವರು ಕೈ ಒರೆಸಿಕೊಳ್ಳುತ್ತ, "ಶಾಬಾಸ್ ಬದ್ಮಾಶ್. ನನ್ನ ಮಾತು ಖೋಟಾ ಮಾಡಿದಿ," ಎಂದು ನನ್ನ ಬೋರೆಯ ಮೇಲೇ ಒಂದು ಬಾರಿಸಿದರು. ನೋವಿಗೋ ಸಂತೋಷಕ್ಕೋ ಕಣ್ಣಲ್ಲಿ ನೀರು ಬಂತು.

ಸಂತೆಯ ಹಿಂದಿನ ದಿನ ಆಯಿಯನ್ನು ಕರೆಸಿದೆವು. ಮೆಟ್ಟಿಲು ಹದಿನೈದು ಮುಕ್ಕಾಲಿಗೆ ನಿಂತಿತ್ತು. ಅವರ ಕಣ್ಣೆದುರಿಗೇ ಟೇಪು ಹಿಡಿದು ತೋರಿಸಿದೆ. ಆಯಿ ಸೆರಗು ಬಿಗಿದು, ಕೋಲು ಊರಿ, ಕಾಲು ಎತ್ತಿದರು. ಹೆಬ್ಬೆರಳು ಮೆಟ್ಟಿಲಿನ ಅಂಚಿಗೆ ತಾಗಿತು. ಇನ್ನೊಮ್ಮೆ ಎತ್ತಿದರು. ಮತ್ತೆ ಅಲ್ಲೇ ತಾಗಿತು. ಒಂದೇ ಒಂದು ಇಂಚು!

"ನೀ ಅಳತಿ ತಪ್ಪಿದಿ," ಎಂದರು ಆಯಿ.

"ನನ್ನ ಟೇಪು ಸುಳ್ಳು ಹೇಳೂದಿಲ್ರಿ," ಎಂದೆ ನಾನೂ ಬಿಸಿಯಾಗಿ.

"ನಲವತ್ತು ವರ್ಷ ಅಳತಿ ಮಾಡಿದ ಕೈ ಇದು. ನನಗ ಕಲಸ್ತೀಯೇನು?"

"ಹಂಗಾರ ಇಲ್ಲೇ ಇನ್ನೊಮ್ಮಿ ಅಳದು ತೋರಸ್ರಿ ಆಯಿ. ಎಲ್ಲಾರೂ ನೋಡೂಣು."

ಶೆಡ್ಡಿನ ಕಂಬಕ್ಕೆ ಆತು ಆಯಿ ಕಾಲು ಎತ್ತಿದರು. ಅಂಗಾಲು ತಲುಪಿದಲ್ಲಿಗೆ ಎಡಗೈ ಹೆಬ್ಬೆರಳನ್ನು ಅಡ್ಡಲಾಗಿ ಒತ್ತಿದರು. ಬಲಗೈಯ ಸೀಮೆಸುಣ್ಣದಿಂದ ಗೆರೆ ಎಳೆದರು, ಹೆಬ್ಬೆರಳಿನ ಕೆಳಗಲ್ಲ, ಮೇಲೆ. ಯೋಚನೆಯೇ ಇಲ್ಲದೆ, ಸರಕ್ಕನೆ. ನಾನು ಸಾವಕಾರರನ್ನು ನೋಡಿದೆ, ಸಾವಕಾರರು ನನ್ನನ್ನು ನೋಡಿದರು. ಸಂತೆಯಲ್ಲಿ ಅರಿವೆ ಹರಿಯುವಾಗ ಗಜ ಮುಗಿದಲ್ಲಿ ಹೆಬ್ಬೆರಳು ಇಟ್ಟು, ಬೆರಳು ದಾಟಿ ಕತ್ತರಿ ಹಾಕುವುದು ಆ ಮನೆಯ ಪದ್ಧತಿ. ಅಷ್ಟು ಗಿರಾಕಿಗೆ ಕೊಸರು. ನಲವತ್ತು ವರ್ಷದಲ್ಲಿ ಆ ಕೈ ಕೊಸರಿಲ್ಲದೆ ಒಂದನ್ನೂ ಅಳೆದಿರಲಿಲ್ಲ.

"ಆಯಿ," ಎಂದರು ಸಾವಕಾರರು, ನಗು ತಡೆದುಕೊಂಡು, "ನಿಮ್ಮ ಕಾಲಿಗೂ ಕೊಸರು ಹಾಕೀರಿ ನೋಡ್ರಿ."

ಆಯಿ ಕಂಬ ನೋಡಿದರು. ತಮ್ಮ ಬೆರಳು ನೋಡಿದರು. "ಅಯ್ಯ ನನ್ನ ಕೈಗಿ ಬೆಂಕಿ ಹಚ್ಚಲಿ!" ಎಂದು ನಗಲು ತೊಡಗಿದವರು, ನಗು ಅರ್ಧಕ್ಕೇ ಬಿಟ್ಟು ಮೆಟ್ಟಿಲಿನ ಕಡೆ ನೋಡಿದರು. ಸಂತೆ ನಾಳೆ. ಒಂದು ಇಂಚಿಗೆ ಮತ್ತೆ ಎಲ್ಲ ಬಿಚ್ಚಬೇಕು. ಸಾವಕಾರರ ನಗುವೂ ಹೋಗಿತ್ತು. ಕರಾರು ಕರಾರೇ.

ಆಗ ನನಗೆ ಗಂಟುಗಳು ನೆನಪಾದವು. ಗಾಡಿ ಬರಿದು ನಿಂತಿದೆ! ಆಯಿ ಹೊರಡುವುದು ಬರಿದು ಗಾಡಿಯಲ್ಲಿ ಅಲ್ಲವಲ್ಲ. "ಮುಂಜಾನಿ ನವಿ ಪೇಠಕ್ಕ ಬರ್ತೀನಿ. ಮದಲ ಮಾಲು ಹೇರ್ರಿ, ಆಮ್ಯಾಲ ಆಯಿ ಹತ್ತಲಿ," ಎಂದೆ.

ಮುಂಜಾನೆ ಅಂಗಡಿಯ ಮುಂದೆ ಸೀರೆಯ ಗಂಟು, ಧೋತರದ ಗಂಟು, ಚಾದರದ ಗಂಟು ಒಂದೊಂದಾಗಿ ಏರಿದವು. ಪಾಟಾ ಮೆಲ್ಲಗೆ ಮಣಿಯಿತು. ಟೇಪು ಹದಿನಾಲ್ಕೂಕಾಲು ತೋರಿಸಿತು. ಆಯಿ ಕಾಲು ಎತ್ತಿದರು, ಇಟ್ಟರು, ಹಿಡಿಕೆ ಹಿಡಿದರು, ಸೀಟಿನಲ್ಲಿದ್ದರು. ಅಕ್ಕಪಕ್ಕದ ಅಂಗಡಿಯವರು ಗಾದಿಯಿಂದ ಎದ್ದು ನಿಂತು ನೋಡಿದರು. ನಾನೇ ಚಾಲಕ, ಜೊತೆಗೆ ಸಾವಕಾರರೂ ಹೊರಟರು. ಅಕ್ಕಲಕೋಟ ದಾಟಿ ಹನ್ನೂರಿನ ಎರಿಗೆ ಇಳಿದಾಗ ನಾಲ್ಕೂ ಗಾಲಿಯ ಗೇರು ಹಾಕಿದೆ. ಹಿಂದಿನ ಸಂಜೆಯ ಮಳೆಗೆ ದಾರಿ ಬೆಣ್ಣೆಯಾಗಿತ್ತು. ಗಾಡಿ ಕೂರಲಿಲ್ಲ, ಬಡಿಯಲಿಲ್ಲ. ಆಯಿ, "ಬಂಡಿಗಿಂತ ಮೆತ್ತಗ ಹೋಗತದಲ್ಲೋ," ಎಂದರು.

ಆ ದಿನದ ವ್ಯಾಪಾರ ನೋಡಬೇಕಿತ್ತು. ಅಷ್ಟು ವಾರ ಆಯಿ ಬಂದಿರಲಿಲ್ಲ, ಮುಂದೆ ಹಬ್ಬ. ಹೆಂಗಸರು ಮುತ್ತಿಕೊಂಡರು. "ಏ, ಆ ಹಸರು ಬ್ಯಾಡವಾ, ನಿನ್ನ ಮೈ ಬಣ್ಣಕ್ಕ ಈ ಕೆಂಪ ತಗೋ," ಎಂದು ಆಯಿ ಬೈಯುವುದು, ಅವರು ಬೈಸಿಕೊಂಡು ಸುಖಪಡುವುದು. ಹೊತ್ತು ಇಳಿಯುವ ಮೊದಲೇ ಒಂದು ಖಣವೂ ಉಳಿಯಲಿಲ್ಲ. ನೆಲಕ್ಕೆ ಹಾಸಿ ಈಗ ಬರಿದಾದ ತಾಡಪತ್ರಿಯನ್ನು ಸಾವಕಾರರು ಮಡಚುವುದನ್ನು ನೋಡುತ್ತಿದ್ದವನಿಗೆ ಗಾಡಿಯ ನೆನಪಾಯಿತು. ಓಡಿಹೋಗಿ ಟೇಪು ಹಿಡಿದೆ. ಹದಿನೈದು ಮುಕ್ಕಾಲು! ಮಾಲು ಹೇರುವುದನ್ನು ಯೋಚಿಸಿದ್ದೆ, ಅದೆಲ್ಲ ಮಾರಿಹೋದರೆ ಗಾಡಿ ಮತ್ತೆ ಎದ್ದು ನಿಲ್ಲುತ್ತದೆಂದು ಈ ಮಂಗ್ಯಾನ ತಲೆಗೆ ಹೊಳೆದಿರಲಿಲ್ಲ.

ಆಯಿ ಬಂದರು. ಕಾಲು ಎತ್ತಿದರು. ಬೆರಳು ಅಂಚಿಗೆ ತಾಗಿತು. ಕೊಂಡ ಸೀರೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೆಂಗಸರೆಲ್ಲ ನೋಡುತ್ತ ನಿಂತಿದ್ದರು. ಸಾವಕಾರರು ನನ್ನ ಕಿವಿಯಲ್ಲಿ, "ನಾ ಈ ಕಡಿ, ನೀ ಆ ಕಡಿ ಹಿಡಿ," ಎಂದರು. ಆಯಿಗೆ ಕೇಳಿಸಿತು. ಅವರ ಮುಖ ಸಣ್ಣದಾಯಿತು. ನನಗೆ ತಡೆಯಲಿಲ್ಲ.

"ಹಿಡಿಯೂದು ಬ್ಯಾಡ! ಭಾರ ಬೇಕ್ರಿ ಆಯಿ, ಹಿಂದ ಭಾರ! ಮುಂಜಾನಿ ಗಂಟು ಇದ್ದಷ್ಟು!" ಎಂದು ಕೂಗಿದೆ.

ಆಯಿ ನನ್ನನ್ನು ನೋಡಿದರು, ಹೆಂಗಸರ ಗುಂಪನ್ನು ನೋಡಿದರು. ಕೋಲು ಎತ್ತಿದರು. "ಏ, ಏನ್ ನೋಡ್ತೀರೇ? ಹತ್ರೇ ಗಾಡಿ!"

"ಎಲ್ಲಿಗಿ ಆಯಿ?" ಎಂದಳು ಮುಂದಿದ್ದ ಮುದುಕಿ.

"ನಿಮ್ಮ ವಸ್ತಿ ತನಕ ಬಿಡ್ತೀನಿ. ಹತ್ತು ಮದಲ!"

ಗಾಡಿಯ ಹಿಂದಿನ ಹಲಗೆ, ಫಳ್ಕಿ, ಇಳಿಸಿದ್ದೇ ತಡ, ಒಬ್ಬರ ಕೈ ಒಬ್ಬರು ಎಳೆದುಕೊಂಡು, ಕಿಲಕಿಲ ನಗುತ್ತ ಹೆಂಗಸರು ಏರತೊಡಗಿದರು. ನಾನು ಮೆಟ್ಟಿಲ ಬಳಿ ಮಂಡಿಯೂರಿ ಟೇಪು ಹಿಡಿದು ಕೂಗುತ್ತಿದ್ದೆ: "ಇನ್ನೊಬ್ಬಾಕಿ! ಇನ್ನೂ ಒಬ್ಬಾಕಿ! ಸಣ್ಣಾಕಿ ಬ್ಯಾಡ, ದಪ್ಪನಾಕಿ ಬರ್ಲಿ!" ಯಾರೋ ಮೇಲಿನಿಂದ ನನ್ನ ತಲೆಗೆ ಕುಟ್ಟಿದರು. ಹದಿನೆಂಟನೆಯವಳು ಕುಳಿತಾಗ ಟೇಪು ಹದಿನಾಲ್ಕೂವರೆಗೆ ಇಳಿಯಿತು. "ಬರೋಬರ್!" ಎಂದು ಹಿಂದೆ ಸರಿದೆ.

ಆಯಿ ಕಾಲು ಎತ್ತಿದರು. ಅಂಗಾಲು ಪೂರ್ತಿ ಮೆಟ್ಟಿಲ ಮೇಲೆ ಕೂತಿತು. ಹಿಡಿಕೆ ಹಿಡಿದು ಮೇಲೆದ್ದರು, ಕುಳಿತರು, ತಿರುಗಿದರು, ಬಾಗಿಲನ್ನು ತಾವೇ ಧಡಾರನೆ ಎಳೆದುಕೊಂಡರು. ಹಿಂದಿನಿಂದ "ಬಿರೋಬಾಚ್ಯಾ ನಾವಾನಂ ಚಾಂಗಭಲಂ!" ಎಂದು ತಮ್ಮ ದೇವರು ಬಿರೋಬನಿಗೆ ಹದಿನೆಂಟು ಕೊರಳು ಒಟ್ಟಿಗೆ ಜಯಕಾರ ಕೂಗಿದವು. ನಾನು ಸ್ಟೇರಿಂಗಿನ ಮುಂದೆ ಕುಳಿತು ನಾಚಿಕೆಯಿಲ್ಲದೆ ಅತ್ತೆ. ಅಷ್ಟು ಖುಷಿ ನನಗೆ ಮೊದಲ ಮಗ ಹುಟ್ಟಿದಾಗ ಆಗಿತ್ತು, ಆಮೇಲೆ ಅವತ್ತು.

ಸೀಟಿನಲ್ಲಿ ಜಾಗ ಇದ್ದರೂ ಸಾವಕಾರರು ಹಿಂದೆ ಹೆಂಗಸರ ನಡುವೆ ಕಂಬಿ ಹಿಡಿದು ನಿಂತಿದ್ದರು. ಗಾಡಿ ಹೊರಟಾಗ ಹಿಂಬದಿಯ ಕಿಂಡಿಯಲ್ಲಿ ಬಗ್ಗಿ, ತಾಯಿಯ ಕಿವಿಗೆ ಬಾಯಿ ಇಟ್ಟು ಕೇಳಿದರು: "ಆಯಿ, ಮುಂದಿನ ಸಂತಿಗಿ ಎಷ್ಟು ಮಾಲು ಹೇರಲಿ?"

"ಇದರ ಎರಡರಷ್ಟು," ಎಂದರು ಆಯಿ. "ಅರ್ಧ ಮಾರಾಕ, ಅರ್ಧ ನಾ ಹತ್ತಾಕ."